‘ಇವ್ಳೇ’ ಅಂದಾಗ ‘ಓ’ ಅನ್ನು

ಈ ಬೇಸಿಗೆ ರಜೆ ಮುಗಿಯುವುದರೊಳಗೆ ಏಳು ವರ್ಷದ ಮಗಳು ಸ್ವಾತಿಯನ್ನು ಕಂಪ್ಯೂಟರ್ ಪಂಡಿತೆಯನ್ನಾಗಿ ಮಾಡಿಯೇ ತೀರುತ್ತೇನೆಂದು ಶೋಭಾರಾಣಿ ಒಲೆಯ ಮುಂದೆ ನಿಂತು ಘೋಷಿಸಿದಳು. ನರ್ಸರಿ ಟೀಚರಾದ ಅವಳು ಹಿರಿಯೂರಿನಲ್ಲಿ ನಡೆದ ತರಬೇತಿಯಿಂದ ಒಂದು ಸಿಡಿ ಹಿಡಿದು ಬಂದಿದ್ದಳು. ಅದರೊಳಗೊಂದು ಬೆಕ್ಕು! ಕಂಪ್ಯೂಟರ್ ಪರದೆಯ ಮೇಲೆ ಆಜ್ಞೆ ಬರೆದ ಬಣ್ಣದ ತುಂಡುಗಳನ್ನು ಒಂದರ ಕೆಳಗೊಂದು ಜೋಡಿಸಿದರೆ ಸಾಕು, ಬೆಕ್ಕು ನಡೆಯುತ್ತದೆ, ತಿರುಗುತ್ತದೆ, ಕೂಗುತ್ತದೆ.

ಗಂಡ ಹನುಮಂತರಾಜು ಬಬ್ಬೂರು ಕೃಷಿ ಫಾರಂನ ನೌಕರ. ಪೇಪರ್ ಮರೆಯಿಂದಲೇ ಕೇಳಿದ: “ಮನೇಲಿರೋ ಬೆಕ್ಕೇ ನಿನ್ ಮಾತು ಕೇಳಲ್ಲ, ಪರದೆ ಬೆಕ್ಕು ಕೇಳ್ತೈತೇನೇ?”

“ಅದು ಕೇಳ್ತೈತೆ. ಕೇಳದೇ ಇರೋ ಪ್ರಾಣಿ ಈ ಮನೇಲಿ ಒಂದೇ, ಪೇಪರ್ ಓದ್ತಾ ಕುಂತೈತೆ!”

ಆದರೆ ಬೆಕ್ಕು ನಡೆಯಲು ಕರೆಂಟ್ ಬೇಕಲ್ಲ! ಬೆಕ್ಕು ಅರ್ಧ ಹೆಜ್ಜೆ ಎತ್ತುವುದು, ಕರೆಂಟ್ ಹೋಗುವುದು. ಹೀಗೆ ನಾಲ್ಕಾರು ಸಲ ಆದ ಮೇಲೆ ಶೋಭಾರಾಣಿ ತನ್ನ ಮದುವೆ ಸೀರೆಯ ರಟ್ಟಿನ ಡಬ್ಬಿಯನ್ನೇ ಕತ್ತರಿಸಿ ತುಂಡು ಮಾಡಿ ಬಣ್ಣ ಬಳಿದಳು. ಹಳದಿ ತುಂಡಿನಲ್ಲಿ ‘ಯಾವಾಗ’. ನೀಲಿಯಲ್ಲಿ ‘ಏನು ಮಾಡಬೇಕು’. ಕೇಸರಿಯಲ್ಲಿ ‘ಮತ್ತೆ ಮತ್ತೆ ಮಾಡು’. ಕರೆಂಟಿನ ಹಂಗಿಲ್ಲದ ಜಗತ್ತಿನ ಮೊಟ್ಟಮೊದಲ ಕಂಪ್ಯೂಟರ್ ಕ್ಲಾಸು ಬಬ್ಬೂರಿನ ಪಡಸಾಲೆಯಲ್ಲಿ ಹೀಗೆ ಉದ್ಘಾಟನೆಯಾಯಿತು!

ಸ್ವಾತಿ ಚುರುಕು. ವಾರ ಕಳೆಯುವುದರೊಳಗೆ ಇಡೀ ಮನೆಯನ್ನೇ ತುಂಡುಗಳಲ್ಲಿ ಬರೆದಳು. ‘ಕುಕ್ಕರ್ ಕೂಗಿದಾಗ – ಅಮ್ಮ ಓಡು.’ ‘ಅಮ್ಮ ಬೈದಾಗ – ಅಪ್ಪ ಅಂಗಡಿಗೆ ಹೋಗು.’ ಹನುಮಂತರಾಜು ಅದನ್ನೋದಿ, “ನನ್ನ ಬಂಡವಾಳ ಎಲ್ಲಾ ಹೊರಗೆ ಹಾಕವ್ಳಲ್ಲೇ!” ಎಂದು ನಿಜವಾಗಿಯೂ ಅಂಗಡಿಗೆ ಹೋದ.

ಆ ಮನೆಯಲ್ಲಿ ನಗು ಅಷ್ಟಕ್ಕೇ. ಉಳಿದ ಹೊತ್ತೆಲ್ಲ ಶೋಭಾರಾಣಿಯ ಜೀವ ಮಾವ ಚಿಕ್ಕತಿಮ್ಮಪ್ಪನವರ ತಟ್ಟೆಯ ಸುತ್ತಲೇ ಸುತ್ತುತ್ತಿತ್ತು. ಸಂಕ್ರಾಂತಿ ಕಳೆದ ಮೇಲೆ ಅತ್ತೆ ಏಕಾಂತಮ್ಮ ತೀರಿಕೊಂಡಿದ್ದರು. ತಟ್ಟೆಗೆ ಮುದ್ದೆ ಬಿದ್ದೊಡನೆ ಅಡುಗೆಮನೆಯ ಕಡೆ ಕತ್ತು ಎತ್ತಿ “ಇವ್ಳೇ!” ಎಂದು ಕರೆಯುವುದು ಮಾವನ ರೂಢಿ. ಹೆಂಡತಿಯ ಹೆಸರನ್ನು ಅವರು ಜನ್ಮದಲ್ಲಿ ಕರೆದವರಲ್ಲ. ಒಳಗಿನಿಂದ “ಓ” ಬರಬೇಕು, ಆಮೇಲೆ ಮೊದಲ ತುತ್ತು. ಈಗಲೂ ಕರೆಯುತ್ತಿದ್ದರು. ಓ ಬರುತ್ತಿರಲಿಲ್ಲ. ಆಗ ನೆನಪಾಗುತ್ತಿತ್ತು. ತಟ್ಟೆಯಲ್ಲೇ ಕೈ ತೊಳೆದು ಎದ್ದುಬಿಡುತ್ತಿದ್ದರು. ಬೆಳಗಿನ ಎರಡು ಲೋಟ ಕಾಫಿಯಲ್ಲೇ ಆ ಜೀವ ನಡೆಯುತ್ತಿತ್ತು. ಅಂಗಿ ದಿನದಿಂದ ದಿನಕ್ಕೆ ದೊಡ್ಡದಾಗುತ್ತಿತ್ತು. ಡಾಕ್ಟರು ಪರೀಕ್ಷೆ ಮಾಡಿ, “ಕಾಯಿಲೆ ಏನೂ ಇಲ್ಲ, ಊಟ ಮಾಡ್ಸಿ” ಎಂದಿದ್ದರು. ಅದೇ ತಾನೇ ಆಗದಿದ್ದುದು!

ಇದ್ದಕ್ಕಿದ್ದಂತೆ ಒಂದು ದಿನ ಮಾವನ ತಟ್ಟೆ ಖಾಲಿ! ಮರುದಿನವೂ ಖಾಲಿ! ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ಶೋಭಾರಾಣಿಗೆ ಆ ತಟ್ಟೆ ನೋಡಿ ಕಣ್ಣು ತುಂಬಿತು.

“ನನ್ನ ಉಪ್ಸಾರು ನೋಡ್ರಿ! ನಿಮ್ಮಪ್ಪನ ಬಾಯಿಗೆ ರುಚಿ ಬಂತು!”

“ನಿನ್ನ ಉಪ್ಸಾರಿಗಾ?” ಹನುಮಂತರಾಜು ಅನುಮಾನದಿಂದ ಕೇಳಿದ. “ಅದನ್ನ ಎಂಟು ವರ್ಷದಿಂದ ನಾನೂ ಉಣ್ತಾ ಇದೀನಿ ಕಣೇ.”

ಅಷ್ಟರಲ್ಲಿ ಮಾವನ ತಂಗಿ ತಿಪ್ಪಮ್ಮ ಹೊಸದುರ್ಗದಿಂದ ಅಣ್ಣನನ್ನು ನೋಡಲು ಬಂದರು. ಅಣ್ಣನ ಪಕ್ಕದಲ್ಲೇ ಊಟಕ್ಕೆ ಕೂತರು. ಬಡಿಸಿದ್ದಾಯಿತು. ಶೋಭಾರಾಣಿ ನೀರು ತರಲು ಹಿತ್ತಲಿಗೆ ಹೋದಳು. ಮಾವ ಕತ್ತೆತ್ತಿ, “ಇವ್ಳೇ!” ಎಂದರು.

ಖಾಲಿ ಅಡುಗೆಮನೆಯಿಂದ ಮೂಗಿನಲ್ಲಿ ಎಳೆದ ದನಿ ಬಂತು: “ಓ...”

ಸಾಕ್ಷಾತ್ ಏಕಾಂತಮ್ಮನ ದನಿ!

“ಅಯ್ಯಯ್ಯೋ, ಅತ್ಗೆ ಬಂದವ್ಳೆ!” ತಿಪ್ಪಮ್ಮ ನೆಗೆದ ರಭಸಕ್ಕೆ ಸಾರಿನ ಪಾತ್ರೆ ಮಗುಚಿತು, ಮುದ್ದೆ ಹೊಸಲು ದಾಟಿ ಅಂಗಳಕ್ಕೆ ಉರುಳಿತು. ಪಕ್ಕದ ಮನೆಯ ಕಾಳಕ್ಕ ಒಂದು ಕೈಯಲ್ಲಿ ಬೇವಿನ ಸೊಪ್ಪು, ಇನ್ನೊಂದರಲ್ಲಿ ಪೊರಕೆ ಹಿಡಿದು ಓಡಿಬಂದಳು. ಹಿತ್ತಲಿಂದ ಓಡಿಬಂದ ಹೆಂಡತಿಯ ಹಿಂದೆ ಹನುಮಂತರಾಜು ಧೈರ್ಯವಾಗಿ ನಿಂತ! ಶೋಭಾರಾಣಿ ಒಳಗೆ ಹೋಗಿ ನೋಡಿದರೆ, ರಾಗಿ ಚೀಲದ ಹಿಂದೆ ಸ್ವಾತಿ. ಮಡಿಲಲ್ಲಿ ಎರಡು ರಟ್ಟು. ಹಳದಿಯಲ್ಲಿ: ‘ಅಜ್ಜ ಇವ್ಳೇ ಅಂದಾಗ’. ನೀಲಿಯಲ್ಲಿ: ‘ಓ ಅನ್ನು’.

“ಮಗೀನ ಮೈಮ್ಯಾಲೆ ಬಂದೈತೆ! ನಿಂಬೆಹಣ್ಣು ತರ್ರಿ!” ಎಂದಳು ಕಾಳಕ್ಕ.

“ಮೈಮೇಲೆ ಏನೂ ಬಂದಿಲ್ಲ, ಕಾಳಕ್ಕಜ್ಜಿ. ಇದನ್ನ ಅಮ್ಮ ಹೇಳ್ಕೊಟ್ಟಿದ್ದು,” ಎಂದಳು ಸ್ವಾತಿ.

ಎಲ್ಲರ ಕಣ್ಣೂ ಗುರುವಿನ ಕಡೆ ತಿರುಗಿದವು. ತಿಪ್ಪಮ್ಮ ಸೊಂಟಕ್ಕೆ ಕೈಯಿಟ್ಟರು. “ಸತ್ತೋಳ ದನಿ ಮಾಡಿ ಮುದುಕನ್ನ ಆಟ ಆಡ್ಸೋದೇನವ್ವ ನೀನು ಕಲ್ಸೋ ವಿದ್ಯೆ?”

ಅಲ್ಲ ಎಂದು ಶೋಭಾರಾಣಿ ಹೇಗೆ ಹೇಳಿಯಾಳು? ತಲೆ ತಗ್ಗಿಸಿ ಮಗಳ ಕೈಯಿಂದ ಆ ನೀಲಿ ತುಂಡನ್ನು ಕಿತ್ತು ಒಲೆಗೆ ಹಾಕಿದಳು. ಮಾವ ಎದ್ದು ಜಗಲಿಗೆ ಹೋಗಿ ಕೂತರು. ಸಂಜೆ ಬಸ್ಸಿಗೆ ತಿಪ್ಪಮ್ಮ ಊರಿಗೆ ಹೋದರು.

ಮರುದಿನ ಮಧ್ಯಾಹ್ನ ಶೋಭಾರಾಣಿ ಉಪ್ಸಾರಿಗೆ ತುಸು ಹೆಚ್ಚೇ ಬೆಳ್ಳುಳ್ಳಿ ಹಾಕಿ ಬಡಿಸಿದಳು.

“ಇವ್ಳೇ!”

ಅಡುಗೆಮನೆ ಸುಮ್ಮನಿತ್ತು. ಮಾವ ಕಾದರು. ಆಮೇಲೆ ನೀರಿನ ಚೊಂಬಿಗೆ ಕೈ ಚಾಚಿದರು.

ಬಾಗಿಲಿಗೆ ಆತು ನಿಂತ ಸ್ವಾತಿ ಅಮ್ಮನ ಸೆರಗು ಜಗ್ಗಿದಳು. “ನೀನೇ ಸುಟ್ಟೆಯಲ್ಲಮ್ಮ. ಈಗ ಅಜ್ಜ ಏನ್ ಮಾಡ್ಬೇಕು?”

ಚೊಂಬು ತಟ್ಟೆಯ ಮೇಲೆ ಬಾಗುತ್ತಿತ್ತು. ಶೋಭಾರಾಣಿ ಕಣ್ಣು ಮುಚ್ಚಿ, ಇದ್ದ ಮಾನವನ್ನೆಲ್ಲ ಬದಿಗಿಟ್ಟು ಕೂಗಿದಳು: “ಓ...”

ಚೊಂಬು ನಿಂತಿತು.

“ನೀನೇನಮ್ಮ?”

“ಹೂಂ ಮಾವ.”

“ಮಗು ಓ ಅಂದಾಗ್ಲೂ ಗೊತ್ತಿತ್ತು ನಂಗೆ. ದನಿ ಅವಳದ್ದೇ ತಂದಿತ್ತು ಕೂಸು. ಆದ್ರೆ ನಿಮ್ಮತ್ತೆ ಬರೀ ಓ ಅಂದು ಯಾವತ್ತು ಸುಮ್ಕಾದ್ಲು? ಹಿಂದೇನೇ ಬೈಗುಳ ಬರ್ತಿತ್ತು.”

“ಏನಂತ ಬೈತಿದ್ಲು ಅಜ್ಜ?” ಸ್ವಾತಿ ಆಗಲೇ ಹೊಸ ರಟ್ಟು ಹುಡುಕಿ ಸ್ಕೆಚ್ ಪೆನ್ನಿನ ಮುಚ್ಚಳ ತೆಗೆದಿದ್ದಳು.

ಮಾವನ ತುಟಿಯಂಚು ಅದುರಿತು. “‘ಓ, ಇನ್ನೂ ಬದುಕಿದೀನಿ. ಉಣ್ಣು ಮುದಿಯಾ!’ ಅಂತಿದ್ಲು.”

ಸ್ವಾತಿ ದುಂಡಗೆ ಬರೆದು ಅಮ್ಮನ ಕೈಗಿಟ್ಟಳು. ಮದುವೆಯಾದಂದಿನಿಂದ ಮಾವನ ಮುಂದೆ ದನಿ ಎತ್ತದ ಶೋಭಾರಾಣಿ ರಟ್ಟು ನೋಡಿದಳು. ‘ಬದುಕಿದೀನಿ’ ಎಂಬಲ್ಲಿಗೆ ಬಂದು ನಿಂತಳು. ಎರಡು ಸಲ ಬಾಯಿ ತೆರೆದಳು, ಆಗಲಿಲ್ಲ. ಕೊನೆಗೆ ಆ ಪದಗಳನ್ನು ದಾಟಿ, ಗೋಡೆಗೆ ಹೇಳುವಂತೆ ಪಿಸುಗುಟ್ಟಿದಳು: “ಉಣ್ಣು... ಮುದಿಯಾ...”

ಚಿಕ್ಕತಿಮ್ಮಪ್ಪ ಚೊಂಬು ಕೆಳಗಿಟ್ಟು ಮುದ್ದೆ ಮುರಿದರು.

“ಮೊದಲ್ನೇ ಮಾತು ಬ್ಯಾಡ ಬಿಡಮ್ಮ. ಎರಡನೇದು ಮಾತ್ರ ಒಸಿ ಜೋರಾಗಿ ಬೈ.”