ಸಾಲಿ ಮುಂದಿನ ನಾಲ್ಕು ಕಾಲಿನ ಹೆಜ್ಜೆ

ನಮ್ಮೂರಾಗ ಏನರ ಕೆಟ್ಟರೆ ಮೊದಲು ನನ್ನ ಹೆಸರು ಕೂಗತಾರೆ, ಆಮೇಲೆ ಏನು ಕೆಟ್ಟಿತು ಅಂತ ನೋಡತಾರೆ. ಹತ್ತರಾಗ ಒಂಬತ್ತು ನಾನೇ ಮಾಡಿರತೀನಿ, ಸುಳ್ಳು ಯಾಕ ಹೇಳಲಿ. ಇದು ಆ ಹತ್ತನೇದರ ಕಥೆ.

೧. ಬಿಟ್ಟು ಬಂದ ನೀರು

ಒಂಬತ್ತನೇ ಇಯತ್ತೆಯಲ್ಲಿದ್ದಾಗ ವಿಜ್ಞಾನ ಕಲಿಸುವ ಅಕ್ಕಾರು ಒಂದು ಚಿತ್ರ ತೋರಿಸಿದರು. ಕಲ್ಲಿನ ಮೇಲೆ ಹೆಜ್ಜೆ ಮೂಡಿದ್ದವು.

"ಕೋಟಿಗಟ್ಟಲೆ ವರ್ಷದ ಹಿಂದ ನೀರು ಬಿಟ್ಟು ದಂಡಿಗೆ ಬಂದ ನಾಲ್ಕು ಕಾಲಿನ ಪ್ರಾಣಿದು. ಕೆಸರಾಗ ನಡೀತು, ಕೆಸರು ಕಲ್ಲಾತು. ಎಲುಬು ಸಿಗಲಿಲ್ಲ, ಹೆಜ್ಜಿ ಸಿಕ್ಕಾವು. ಹೆಜ್ಜಿ ಸುಳ್ಳು ಹೇಳೂದಿಲ್ಲ."

ನಾನು ಎದ್ದು ನಿಂತೆ. "ಹಂಗಾರ ನಮ್ಮ ಕಡೆ ಬಂದಿರಾಕಿಲ್ಲ ಬಿಡ್ರಿ. ಜತ್ತ ತಾಲೂಕಿನಾಗ ಬಿಟ್ಟು ಬರಾಕ ನೀರರ ಎಲ್ಲೈತಿ?"

ವರ್ಗವೆಲ್ಲ ನಕ್ಕಿತು, ಅಕ್ಕಾರೂ ನಕ್ಕರು. ಬಾಗಿಲಾಗ ಬಂದು ನಿಂತಿದ್ದ ಹೆಡ್‌ಮಾಸ್ತರು ನಗಲಿಲ್ಲ. ಒಂದೇ ಬೆರಳಿಗೆ ಎರಡು ಉಂಗುರ ಹಾಕಿದ ಕೈಲೆ ಬಾಗಿಲು ಬಡಿದು, "ಹೊರಗ ನಿಂದರು!" ಅಂದರು.

ನಾನೂ ಹಟಮಾರಿ. ಉಳಿದ ವರ್ಷವೆಲ್ಲ ಹೊರಗೇ ನಿಂತೆ.

೨. ಟಾಯರಿನ ದೇವರು

ಹಂಗ ಒಂಬತ್ತಕ್ಕೇ ಸಾಲಿ ಬಿಟ್ಟರೂ ಆ ಹೆಜ್ಜೆ ತಲಿ ಬಿಡಲಿಲ್ಲ. ಹಳೇ ಟಾಯರು ಕೊಯ್ದು ಐದು ಬೆರಳಿನ ಪಾದ ಮಾಡಿದೆ. ಮಳೆಯಾದ ಮರುದಿನ ಹಳ್ಳದ ಕೆಸರಿನಲ್ಲಿ ಸಾಲಾಗಿ ಒತ್ತಿ ಬಂದೆ. ಎರಡು ದಿನದ ಬಿಸಿಲಿಗೆ ಗಟ್ಟಿಯಾದವು. ಮೂರನೇ ದಿನ ನೋಡಿದರೆ ಹೆಜ್ಜೆಹೆಜ್ಜೆಗೆ ಅರಿಷಿಣ, ಕುಂಕುಮ!

"ನಂದಿ ನಡದಾಡೇತಿ" ಅಂದಳು ಮಗ್ಗಲಮನಿ ಆಯಿ.

"ನಂದಿಗೆ ಗೊರಸು ಇರತಾವಲ್ಲಬೇ. ಇದಕ್ಕ ಬೆರಳು ಅದಾವ."

"ದೇವರ ನಂದಿ ಅದು. ಬೆರಳೂ ಇರತಾವ, ಉಗುರೂ ಇರತಾವ. ನಿಂಗೇನ ಗೊತ್ತು?"

ಊರ ಮನಿ ಕಟ್ಟುವ ಗೌಂಡಿ ಚಾಚಾನೂ ಬಂದು ಸಕ್ಕರೆ ಹಂಚಿದ. ನನಗೆ ತಡೆಯಲಿಲ್ಲ. "ನಾನೇ ಮಾಡೇನಿ, ಟಾಯರಲೆ" ಅಂದೆ. ಯಾರೂ ನಂಬಲಿಲ್ಲ. ಓಡಿಹೋಗಿ ಟಾಯರಿನ ಪಾದ ತಂದು ಎಲ್ಲರ ಮುಂದೆ ಇಟ್ಟೆ.

ಆಯಿ ಅದಕ್ಕೂ ಕುಂಕುಮ ಹಚ್ಚಿದಳು.

೩. ಮಾಫಿನಾಮಾ

ಇಡೀ ಊರಾಗ ನನ್ನ ಮಾತು ನಂಬಿದವರು ಒಬ್ಬರೇ, ಹೆಡ್‌ಮಾಸ್ತರು. ಅದೇ ನನಗೆ ಕುತ್ತಾಯಿತು.

ಮನಿಯಾಗ ಓದಿ ಹತ್ತನೇ ಪರೀಕ್ಷೆಗೆ ಕೂಡಬೇಕಂದರೆ ಸತ್ರಾ ನಂಬರ್, ಅಂದರೆ ಹದಿನೇಳನೇ ನಂಬರಿನ ಫಾರ್ಮ್ ತುಂಬಬೇಕು. ಅಕ್ಕಾರೇ ಫಾರ್ಮ್ ತಂದು ಕೊಟ್ಟಿದ್ದರು. ಹೆಡ್‌ಮಾಸ್ತರ ಸಹಿ ಆಗಬೇಕು, ಸೋಮವಾರ ಕೊನೇ ದಿನ. ಅದೇ ಸೋಮವಾರ ಸಾಲಿ ಮುಂದಿನ ಹೊಸ ಸಿಮೆಂಟ್ ಅಂಗಳ ನೋಡಲು ಶಿಕ್ಷಣ ಖಾತೆಯ ಸಾಹೇಬರು ಬರುವವರಿದ್ದರು.

ಶನಿವಾರ ಸಂಜೆ ಚಾಚಾ ಸಿಮೆಂಟ್ ಹಾಕಿ, ನಾಯಿ ಹಾಯಬಾರದಂತ ಸುತ್ತ ಜಾಲಿಮುಳ್ಳು ಹಚ್ಚಿ ಹೋದ. ರವಿವಾರ ಮುಂಜಾನೆ ನೋಡಿದರೆ ನಟ್ಟನಡುವೆ ನಾಲ್ಕು ಕಾಲಿನ ಹೆಜ್ಜೆ!

"ಹಳ್ಳದಾಗ ಮಾಡಿದಾವ ಇಲ್ಲೂ ಮಾಡ್ಯಾನ. ತಪ್ಪಾತು ಅಂತ ಮಾಫಿನಾಮಾ ಬರಿ, ಅಂದರ ಫಾರ್ಮಿಗೆ ಸಹಿ ಮಾಡತೀನಿ" ಅಂದರು ಹೆಡ್‌ಮಾಸ್ತರು.

"ಹಳ್ಳದ್ದು ಬೇಕಾರ ಬರದ ಕೊಡತೀನ್ರಿ. ಇದು ನಂದಲ್ಲ."

ಮನಿಗೆ ಬಂದರೆ ಅವ್ವನ ಕಣ್ಣಾಗ ನೀರು. "ಒಂದ ಸಾಲು ಬರದ ಬಿಡೋ ಹುಚ್ಚಪ್ಯಾ. ನೀ ಹತ್ತನೇದರ ಪಾಸಾಗು."

"ಬರಿಯಂಗಿಲ್ಲಬೇ. ಆ ಹೆಜ್ಜಿ ಎಷ್ಟು ಹೊಲಸ ಮೂಡ್ಯಾವ ನೋಡಿಯೇನು? ನಂದು ಅಂದರ ನನ್ನ ಹೆಸರು ಕೆಡತೈತಿ!"

೪. ಎರಡು ಗೀರು

ಸೋಮವಾರ ಮುಂಜಾನೆ ಫಾರ್ಮ್ ಹಿಡಕೊಂಡು ಹೋದೆ. ಅಕ್ಕಾರು, ಚಾಚಾ, ಹೆಡ್‌ಮಾಸ್ತರು ಅಂಗಳದಾಗೇ ಇದ್ದರು. ನಾನು ಬೋರಲು ಮಲಗಿ ಹೆಜ್ಜೆ ಓದತೊಡಗಿದೆ.

"ಅಕ್ಕಾರ, ಮುಂದಿನವು ಅಂಗೈ. ಹಿಂದಿನವು ದುಂಡಗ ಅದಾವು, ಅವು ಮೊಣಕಾಲು. ಪ್ರಾಣಿ ಇಲ್ಲಿ ಜಾರಿ ಬಿದ್ದೈತಿ. ಏಳಾಕ ಆಗಿಲ್ಲ, ಅಂಬೆಗಾಲಿಟ್ಟು ದಂಡಿಗೆ ಹೋಗೇತಿ. ಬಾಲ ಇಲ್ಲ."

ಗುರುತಿನೊಳಗೆ ನನ್ನ ಅಂಗೈ ಇಟ್ಟೆ. ಸುತ್ತ ಇನ್ನೂ ಜಾಗ ಉಳಿಯಿತು.

"ಮತ್ತ ಬಲಗೈಯ ಒಂದ ಬೆರಳಿಗೆ ಎರಡು ಅಡ್ಡ ಗೀರು ಅದಾವ. ಉಂಗುರದ್ದಿರಬೇಕು."

ಎಲ್ಲರೂ ಹೆಡ್‌ಮಾಸ್ತರ ಕೈ ನೋಡಿದೆವು. ಕೈ ಮೆಲ್ಲಕ ಕಿಸೆಯೊಳಗೆ ಹೋಯಿತು.

"ಹಸಿ ಐತಿ, ಹಾಯಬ್ಯಾಡ್ರಿ ಅಂತ ನಿಮಗ ಹೇಳೇ ಹೋಗಿದ್ನಲ್ರಿ ಸರ್!" ಅಂದ ಚಾಚಾ.

"ಒಣಗೇತೋ ಇಲ್ಲೋ ನೋಡಾಕ..." ಮಾಸ್ತರು ಇನ್ನೊಂದು ಕೈ ಚಾಚಿದರು. "ತಾ ಇಲ್ಲಿ ಆ ಫಾರ್ಮ್."

ಸಹಿ ಬಿತ್ತು. "ಮಾಫಿನಾಮಾ ಈಗ ಯಾರು ಬರಿಯೂದ್ರಿ?" ಅಂದೆ. ಅಕ್ಕಾರು ಸುಮ್ಮನೆ ಕೆಮ್ಮಿದರು.

"ಚಾಚಾ, ಲಗೂನ ಇದನ್ನ ಅಳಸು!" ಅಂದರು ಮಾಸ್ತರು.

"ಎಲ್ಲಿ ಅಳಸೂದ್ರಿ? ಕಲ್ಲಾಗೇತಿ."

ಅಷ್ಟರಾಗ ಸಾಹೇಬರ ಗಾಡಿ ಬಂತು. ಇಳಿದವರೇ "ಏನ್ರಿ ಇದು?" ಅಂದರು.

ಹೆಜ್ಜೆ ಸುಳ್ಳು ಹೇಳೂದಿಲ್ಲ ಅಂದಿದ್ದ ಅಕ್ಕಾರು ತಾವೇ ಹೇಳಿದರು: "ಮೊದಲನೇ ನಾಲ್ಕು ಕಾಲಿನ ಪ್ರಾಣಿ ಹೆಜ್ಜಿ ಮಾದರಿ ಸರ್. ಹುಡುಗರ ಪಾಠಕ್ಕ ಮಾಡಿಸೇವಿ."

ಸಾಹೇಬರು ಖುಷ್. "ಭಾಳ ಚಲೋ! ಆ ಪ್ರಾಣಿ ಈಗ ಉಳದಿಲ್ಲ, ಹೌದಲ್ಲ?"

ಸಹಿ ಆದ ಫಾರ್ಮ್ ನನ್ನ ಕಿಸೆಯಲ್ಲಿ ಭದ್ರ ಇತ್ತು.

"ಉಳದೈತ್ರಿ ಸಾಹೇಬ್ರ," ಅಂದೆ, "ಇನ್ನೂ ಎರಡು ವರ್ಷ ನೌಕರಿ ಐತಿ."