ಪ್ರಭಂಜನನ ಶರಬತ್ತಿನ ಮೆಷಿನ್

ಒಂದು ದಿನ ಗ್ಯಾರೇಜಿನ ಬಾಗಿಲು ಮುಚ್ಚಲು ಮರೆತದ್ದೇ ಪ್ರಭಂಜನನ ಎಲ್ಲ ಕಷ್ಟಕ್ಕೂ ಮೂಲವಾಯಿತು.

ಫ್ಲೂಗರ್‌ವಿಲ್‌ನ ಅವನ ಮನೆಯ ಗ್ಯಾರೇಜಿನಲ್ಲಿ, ಕಾರು ನಿಲ್ಲಬೇಕಾದ ಜಾಗದಲ್ಲಿ, ಒಂದು ಹಳೆಯ ಫ್ರಿಜ್ಜು ನಿಂತಿತ್ತು. ಅದರ ಬಾಗಿಲಿಗೆ ಎರಡು ಸ್ಟೀಲ್ ನಲ್ಲಿ, ಒಳಗೆ ಎರಡು ಸ್ಟೀಲ್ ಪೀಪಾಯಿ, ಪಕ್ಕದಲ್ಲಿ ನೊರೆಯುಕ್ಕಿಸುವ ಗ್ಯಾಸಿನ ಸಿಲಿಂಡರು. ಪೀಪಾಯಿಯಿಂದ ನಲ್ಲಿಯವರೆಗೆ ಸುರುಳಿ ಸುತ್ತಿಕೊಂಡ ನಳಿಗೆಗಳಲ್ಲಿ ಹರಿಯುತ್ತಿದ್ದದ್ದು ಪ್ರಭಂಜನ ಕೈಯಾರೆ ಕುದಿಸಿ, ಹುದುಗಿಸಿ ಮಾಡಿದ ಬಿಯರ್. ವಾರವಿಡೀ ಯಾರ ಕಣ್ಣಿಗೂ ಕಾಣದ ಸಾಫ್ಟ್‌ವೇರ್ ಬರೆಯುವವನಿಗೆ, ಲೋಟದಲ್ಲಿ ಹಿಡಿದು ನೋಡಬಹುದಾದ ಏನನ್ನಾದರೂ ತಾನೇ ಮಾಡಿದೆನೆಂಬ ತೃಪ್ತಿ ಅದರಲ್ಲಿತ್ತು. ಕುಡಿಯುತ್ತಿದ್ದದ್ದು ಕಡಿಮೆ. ಶನಿವಾರ ಸಂಜೆ ಒಂದು ಲೋಟ ಬಗ್ಗಿಸಿಕೊಂಡು ಅದರ ಬಣ್ಣವನ್ನೇ ಬಹಳ ಹೊತ್ತು ನೋಡುತ್ತಿದ್ದ.

ಅಂಥ ಒಂದು ಶನಿವಾರ, ತೆರೆದ ಬಾಗಿಲಿನಿಂದ ಅನುಸೂಯಾ ಆಂಟಿ ಇಣುಕಿದರು. ಅದೇ ಬೀದಿಯ ಕೊನೆಯ ಮನೆಯವರು, ದೇವಸ್ಥಾನದ ಸಮಿತಿಯ ಅಧ್ಯಕ್ಷರಾದ ರಿಟೈರ್ಡ್ ಹಾರ್ಟ್ ಡಾಕ್ಟರ್ ನಂಜುಂಡಸ್ವಾಮಿಯವರ ಹೆಂಡತಿ. ಅವರ ಕಿವಿಗೆ ಬಿದ್ದ ಮಾತು ಕತ್ತಲಾಗುವುದರೊಳಗೆ ಇತ್ತ ಡಲ್ಲಸ್ಸಿಗೂ ಅತ್ತ ಹ್ಯೂಸ್ಟನ್ನಿಗೂ ತಲುಪಿರುತ್ತಿತ್ತು.

"ಇದೇನೋ ಪ್ರಭಂಜನ, ಫ್ರಿಜ್ಜಿಗೆ ನಲ್ಲಿ?"

ಹೆಸರಿನಲ್ಲಿ ಬಿರುಗಾಳಿಯಿದ್ದರೂ ಪ್ರಭಂಜನ ಫ್ಯಾನಿನ ಗಾಳಿಗೂ ಹಾರಿಹೋಗುವಂಥ ಮನುಷ್ಯ. "ಶರಬತ್ತು ಆಂಟಿ. ಶರಬತ್ತಿನ ಮೆಷಿನ್ನು," ಎಂದುಬಿಟ್ಟ.

"ಭೇಷ್!" ಎಂದು ಆಂಟಿ ಮುಂದೆ ಹೋದರು. ಪ್ರಭಂಜನ ಬೆವರು ಒರೆಸಿಕೊಂಡು ಆ ವಿಷಯವನ್ನು ಮರೆತ. ಆಂಟಿ ಮರೆಯಲಿಲ್ಲ.

ರಾಮನವಮಿಯ ಭಾನುವಾರ ಬೆಳಿಗ್ಗೆ, ಅವನು ಇನ್ನೂ ಹಲ್ಲುಜ್ಜುತ್ತಿರುವಾಗಲೇ ಫೋನು ಬಂತು.

"ಪ್ರಭಂಜನಾ, ದೇವಸ್ಥಾನದ ಫ್ರಿಜ್ಜು ಕೆಟ್ಟು ಕೂತಿದೆ. ಏಪ್ರಿಲ್‌ನಲ್ಲೇ ಈ ಸುಡು ಬಿಸಿಲು. ಬೆಚ್ಚಗಿರೋ ಪಾನಕ ಯಾರಪ್ಪ ಕುಡೀತಾರೆ? ನಿನ್ನ ಶರಬತ್ತಿನ ಮೆಷಿನ್ ಇದೆಯಲ್ಲ! ಸಂಜೆ ಮಂಗಳಾರತಿ ಹೊತ್ತಿಗೆ ತಂದ್ಬಿಡು. ಅಂಕಲ್ ಟ್ರಕ್ ಅರೇಂಜ್ ಮಾಡಿದಾರೆ."

"ಆಂಟಿ, ಅದು ಸ್ವಲ್ಪ ಕೆಟ್ಟಿದೆ..."

"ಕೆಟ್ಟಿದ್ರೆ ಅಂಕಲ್ ಬಂದು ನೋಡ್ತಾರೆ ಬಿಡು. ಹಾರ್ಟನ್ನೇ ರಿಪೇರಿ ಮಾಡಿದೋರು."

"ಇಲ್ಲ ಇಲ್ಲ, ಅಷ್ಟೇನೂ ಕೆಟ್ಟಿಲ್ಲ!" ಎಂದು ಪ್ರಭಂಜನ ಕೂಗಿದ. ಹಾಗೆ ಕೂಗಿದ್ದೇ ಒಪ್ಪಿಗೆಯಾಯಿತು.

ಹೆಂಡತಿ ಸುಮೇಧಾ ಅಡುಗೆಮನೆಯಲ್ಲಿ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದಳು. ಅವನು ವಿಷಯ ಹೇಳಿ ಮುಗಿಸುವವರೆಗೂ ಹೆಚ್ಚುತ್ತಲೇ ಇದ್ದು, ಆಮೇಲೆ ಚಾಕು ಕೆಳಗಿಟ್ಟಳು. ಪ್ರತಿ ಭಾನುವಾರ ದೇವಸ್ಥಾನದಲ್ಲಿ ಮಕ್ಕಳಿಗೆ ದೇವರನಾಮ ಹೇಳಿಕೊಡುತ್ತಿದ್ದವಳು ಅವಳು.

"ಒಂದು ಚೂರು ಬಿಯರ್ ವಾಸನೆ ಬಂದ್ರೂ ನಾನು ಇನ್ಮೇಲೆ ಆ ಮಕ್ಕಳ ಮುಂದೆ ಬಾಯಿ ತೆರೆಯೋ ಹಾಗಿಲ್ಲ, ಗೊತ್ತಲ್ಲ?"

"ಗೊತ್ತು."

"ಸುಳ್ಳು ಹೇಳಿದ್ದು ನೀವು. ನೀವೇ ತೊಳ್ಕೊಳ್ಳಿ."

ಪ್ರಭಂಜನ ಗ್ಯಾರೇಜಿಗೆ ಹೋಗಿ, ಪೀಪಾಯಿಯಲ್ಲಿದ್ದ ಬಿಯರನ್ನೆಲ್ಲ ಹಿತ್ತಲಿನ ಹುಲ್ಲಿಗೆ ಸುರಿದ. ಚಳಿಗಾಲವಿಡೀ ಕಾದು ಮಾಡಿದ್ದು. ಹುಲ್ಲಿನ ಮೇಲೆ ನೊರೆ ಇಂಗುವವರೆಗೂ ಅಲ್ಲೇ ನಿಂತಿದ್ದ. ಆಮೇಲೆ ಒಂದು ನಳಿಗೆಯನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿದ. ಪ್ರತಿಸಲ ಒಂದಿಷ್ಟು ಬಿಸಿನೀರು ಬಿಟ್ಟು ತೊಳೆದೆನೆಂದುಕೊಂಡಿದ್ದ ನಳಿಗೆಯ ಒಳಗೋಡೆಗೆ ಹಳದಿ ಪಾಚಿಯಂಥದ್ದು ಕಟ್ಟಿಕೊಂಡಿತ್ತು. ಮೂಗಿಗೆ ಹಿಡಿದರೆ ಹಳೆಯ ದೋಸೆಹಿಟ್ಟಿನ ವಾಸನೆ.

ಡಲ್ಲಸ್ ಹತ್ತಿರದ ರಿಚರ್ಡ್‌ಸನ್ನಿನಲ್ಲಿದ್ದ ಗೆಳೆಯ ತಿರುಮಲನಿಗೆ ಫೋನು ಹಚ್ಚಿದ. ಹುಬ್ಬಳ್ಳಿಯ ತಿರುಮಲನೇ ಅವನಿಗೆ ಬಿಯರ್ ಮಾಡುವ ಚಟ ಹಿಡಿಸಿದವನು.

"ಹೊಸ ನಳಿಗಿ ಹಾಕ್ಕೋಳೋ ದೋಸ್ತ," ಎಂದ ತಿರುಮಲ.

"ಅದು ಸಿಗೋ ಅಂಗಡಿ ಭಾನುವಾರ ತೆರೆಯಲ್ಲ ಮಾರಾಯ."

"ಹಂಗಾದ್ರ ಸುಮ್ನ ನೀರು ಬಿಟ್ರ ಹೋಗೂದಿಲ್ಲ ಅದು. ಬಕೀಟಿನ್ಯಾಗ ಬಿಸಿನೀರು, ಅದರಾಗ ಸೋಡಾ ಪುಡಿ. ಒಂದು ಸಣ್ಣ ಪಂಪ್ ಮುಳುಗಸು. ಪಂಪಿಂದ ನಳಿಗಿಗೆ, ನಳಿಗಿಯಿಂದ ನಲ್ಲಿಗೆ, ನಲ್ಲಿಯಿಂದ ತಿರುಗಿ ಬಕೀಟಿಗೆ. ಸುತ್ತಕೋತನ ಇರಬೇಕು ನೋಡು. ಮಧ್ಯಾಹ್ನದೊಳಗ ಕನ್ನಡಿ ಆಗ್ತದ." ಆಮೇಲೆ ಕೇಳಿದ: "ಅಲ್ಲಾ, ಯಾಕ ಇಷ್ಟು ಅವಸರ? ಯಾರ ಬರಾಕತ್ತಾರ?"

"ರಾಮ," ಎಂದು ಪ್ರಭಂಜನ ಫೋನಿಟ್ಟ.

ಬಕೀಟು ಇತ್ತು, ಪುಡಿ ಇತ್ತು. ಪಂಪು ಮಾತ್ರ ಇರಲಿಲ್ಲ. ಮನೆಯ ಮುಂದೆ ಸುಮೇಧಾ ಇಟ್ಟಿದ್ದ ಪುಟ್ಟ ಕಾರಂಜಿಯೊಳಗೆ ಒಂದಿತ್ತು. ಅವಳು ಸ್ನಾನಕ್ಕೆ ಹೋದ ಸಮಯ ನೋಡಿ ಅದನ್ನು ಕಿತ್ತು ತಂದ. ತೋಟಕ್ಕೆ ನೀರು ಬಿಡುವ ಪೈಪಿನ ತುಂಡೊಂದನ್ನು ಕತ್ತರಿಸಿ, ಪಂಪಿನ ಮೂತಿಗೆ ಸಿಕ್ಕಿಸಿ, ತಂತಿಯಿಂದ ಬಿಗಿದ. ಇನ್ನೊಂದು ತುದಿಯನ್ನು ಬಿಯರ್ ನಳಿಗೆಗೆ ಸೇರಿಸಿ ಟೇಪು ಸುತ್ತಿದ. ಸ್ವಿಚ್ಚು ಹಾಕಿದಾಗ ಪಂಪು ಮುದುಕನ ಹಾಗೆ ಗೊರಗುಟ್ಟಿ, ಕೆಮ್ಮಿ, ಕೊನೆಗೆ ನೀರನ್ನು ಮೇಲಕ್ಕೆ ತಳ್ಳಿತು. ನಲ್ಲಿಯಿಂದ ಬಕೀಟಿಗೆ ಕಂದುಬಣ್ಣದ ನೀರು ಬಿತ್ತು. ಪ್ರಭಂಜನನ ಮುಖ ಅರಳಿತು. ಆಫೀಸಿನಲ್ಲಿ ಅವನು ಮಾಡಿದ ಯಾವ ಕೆಲಸವೂ ಇಷ್ಟು ಬೇಗ, ಇಷ್ಟು ಸ್ಪಷ್ಟವಾಗಿ ಫಲ ಕೊಟ್ಟಿರಲಿಲ್ಲ.

"ಎಲ್ಲಿಗೆ ಬಂತೋ?" ಎನ್ನುತ್ತ ಅನುಸೂಯಾ ಆಂಟಿ ರೇಷ್ಮೆ ಸೀರೆಯಲ್ಲಿ ಒಳಗೆ ಬಂದರು. ಅದೇ ಕ್ಷಣಕ್ಕೆ ಕಾಯುತ್ತಿದ್ದಂತೆ ಟೇಪು ಬಿಚ್ಚಿಕೊಂಡಿತು. ಪೈಪು ತಲೆಯೆತ್ತಿ ಗ್ಯಾರೇಜಿನ ಛಾವಣಿಗೆ, ಗೋಡೆಗೆ, ಆಮೇಲೆ ಪ್ರಭಂಜನನ ಮುಖಕ್ಕೆ ಸೋಡಾ ನೀರನ್ನು ಚಿಮ್ಮಿಸಿತು. ಅವನು ಆಂಟಿಗೂ ಪೈಪಿಗೂ ನಡುವೆ ನಿಂತು ಎಲ್ಲವನ್ನೂ ಮೈಮೇಲೆ ಹಾಕಿಕೊಂಡು, ತಡಕಾಡಿ ಸ್ವಿಚ್ಚು ಆರಿಸಿದ.

ಆಂಟಿಯ ಸೀರೆಗೆ ಒಂದು ಹನಿಯೂ ತಾಗಲಿಲ್ಲ. ಅವರ ಕಣ್ಣಲ್ಲಿ ನೀರಾಡಿತು. "ರಾಮನ ಕೆಲಸಕ್ಕೆ ಎಷ್ಟು ಒದ್ದಾಡ್ತಾ ಇದೀಯಪ್ಪ! ಹುಡುಗರು ಅಂದ್ರೆ ಹಿಂಗಿರ್ಬೇಕು." ಆಮೇಲೆ ಮೂಗು ಅರಳಿಸಿದರು. "ಇದೇನೋ ಹುಳಿ ಹುಳಿ ವಾಸನೆ?"

"ಹಳೇ ಶರಬತ್ತು, ಆಂಟಿ."

"ಅದಕ್ಕೇ ಕಣೋ, ಪುಡಿಗಿಡಿಯಲ್ಲಿ ಏನೂ ಆಗಲ್ಲ. ಒಳಗೆ ಹೋಗಿ ತಲೆ ಒರೆಸ್ಕೊಂಡು ಬಾ, ನಾನು ನೋಡ್ಕೊಂಡಿರ್ತೀನಿ."

ಪ್ರಭಂಜನ ಪೈಪನ್ನು ಮತ್ತೆ ಬಿಗಿದು, ಪಂಪು ಹಚ್ಚಿ, ಬಟ್ಟೆ ಬದಲಾಯಿಸಲು ಹೋದ. ಮರಳಿ ಬಂದಾಗ ಪಂಪು ಉಸಿರು ಕಟ್ಟಿದಂತೆ ಸದ್ದು ಮಾಡುತ್ತಿತ್ತು, ನಲ್ಲಿಯಿಂದ ಒಂದು ತೊಟ್ಟೂ ಬೀಳುತ್ತಿರಲಿಲ್ಲ. ಬಕೀಟಿನಲ್ಲಿ ಕಪ್ಪನೆಯ ಮುದ್ದೆಯೊಂದು ತೇಲುತ್ತಿತ್ತು.

"ಹುಣಸೇಹಣ್ಣು," ಎಂದರು ಆಂಟಿ ಸಮಾಧಾನದಿಂದ. "ನಿಮ್ಮ ಅಡುಗೆಮನೆಯಿಂದಲೇ ತಂದೆ. ದೇವರ ಹಿತ್ತಾಳೆ ಸಾಮಾನು ಇದರಲ್ಲೇ ಹೊಳೆಯೋದು."

ಹುಣಸೆಯ ನಾರು ಪಂಪಿನ ಹೊಟ್ಟೆಯೊಳಗೆ, ನಳಿಗೆಯ ತಿರುವುಗಳಲ್ಲಿ, ನಲ್ಲಿಯ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಆಂಟಿ ಆಶೀರ್ವಾದ ಮಾಡಿ ಹೋದ ಮೇಲೆ ಪ್ರಭಂಜನ ಪ್ರತಿಯೊಂದು ತಿರುಪನ್ನೂ ಬಿಚ್ಚಿದ. ಕಡ್ಡಿಯಿಂದ ಎಳೆದ, ಬಾಯಿಂದ ಊದಿದ. ಹುಣಸೆ ಬೆರೆತ ಸೋಡಾ ನೀರಿನ ರುಚಿ ನಾಲಗೆಗೆ ತಾಗಿದಾಗ ಅವನಿಗೆ ಅಳು ಬರುವಂತಾಯಿತು. ಹೊರಗೆ ಬಿಸಿಲು ಏರಿತ್ತು. ಗ್ಯಾರೇಜು ಇಡ್ಲಿ ಪಾತ್ರೆಯ ಹಾಗೆ ಕಾದಿತ್ತು. ಬಾಲ್ಯದಲ್ಲಿ ಅಜ್ಜಿ ಪಾನಕದ ಲೋಟವನ್ನು ಮೊದಲು ದೇವರ ಪಟದ ಮುಂದೆ ಇಟ್ಟು, ಆಮೇಲೆ ತನ್ನ ಕೈಗೆ ಕೊಡುತ್ತಿದ್ದದ್ದು ನೆನಪಾಯಿತು. ಜನ ಏನಂದಾರು ಎಂಬ ಭಯ ಹಿಂದೆ ಸರಿದು, ದೇವರಿಗೆ ಈ ನಳಿಗೆಯ ಪಾನಕವೇ ಎಂಬ ಇನ್ನೊಂದು ಬಗೆಯ ಅಳುಕು ಮನಸ್ಸಿನಲ್ಲಿ ಕೂತಿತು. ಹೊಸ ನೀರು ಕಾಯಿಸಿದ. ಹೊಸ ಪುಡಿ ಕಲಸಿದ. ಮತ್ತೆ ಸುತ್ತಿಸಿದ. ಕಂದು ನೀರು ಹಳದಿಯಾಯಿತು, ಹಳದಿ ಮಬ್ಬಾಯಿತು, ಮಬ್ಬು ಕೊನೆಗೂ ತಿಳಿಯಾಯಿತು. ಆಮೇಲೆ ಬರೀ ನೀರನ್ನು ಬಿಟ್ಟು, ಸೋಡಾ ಹೋಗುವವರೆಗೂ ತೊಳೆದ.

ಸುಮೇಧಾ ಬಂದು ಬಾಗಿಲಲ್ಲಿ ನಿಂತಳು. ಬಕೀಟಿನಲ್ಲಿ ತನ್ನ ಕಾರಂಜಿಯ ಪಂಪನ್ನು ಕಂಡು ಹುಬ್ಬೇರಿಸಿದಳು. ನಲ್ಲಿಯ ಕೆಳಗೆ ಒಂದು ಲೋಟ ಹಿಡಿದು, ಮೂಸಿ, ಕಣ್ಣು ಮುಚ್ಚಿ ಕುಡಿದಳು.

"ನೀರು," ಎಂದಳು. "ಬರೀ ನೀರು."

ಅವನು ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಅವಳು ಅವನ ಒದ್ದೆ ತಲೆಯ ಮೇಲೆ ಕೈಯಿಟ್ಟು, "ನೈವೇದ್ಯಕ್ಕೆ ನಾನು ಬೆಳ್ಳಿ ಬಟ್ಟಲಲ್ಲಿ ಬೇರೆ ಮಾಡಿದೀನಿ. ಅದರ ಚಿಂತೆ ಬಿಡಿ," ಎಂದಳು.

ಬೆಲ್ಲ, ಶುಂಠಿ, ಏಲಕ್ಕಿ, ನಿಂಬೆಹಣ್ಣಿನ ಪಾನಕ ತೊಳೆದಿಟ್ಟ ಪೀಪಾಯಿ ಸೇರಿತು. ಟ್ರಕ್ಕು ಬಂತು. ಫ್ರಿಜ್ಜು ದೇವಸ್ಥಾನದ ಸಭಾಂಗಣಕ್ಕೆ ಹೋಗಿ ಕೂತಿತು. ಯಾರೋ ಅದರ ಬಾಗಿಲಿಗೆ ಅರಿಸಿನ ಕುಂಕುಮ ಹಚ್ಚಿ, ನಲ್ಲಿಗಳಿಗೆ ಮಲ್ಲಿಗೆ ಸುತ್ತಿದರು.

ಮಂಗಳಾರತಿ ಮುಗಿದು ಜನ ಸಾಲು ನಿಂತಾಗ ಪ್ರಭಂಜನ ಮೊದಲ ಲೋಟವನ್ನು ಹಿಡಿದು ನಲ್ಲಿ ತಿರುವಿದ. ದಾರಿಯುದ್ದಕ್ಕೂ ಟ್ರಕ್ಕಿನಲ್ಲಿ ಕುಲುಕಿದ ಪಾನಕಕ್ಕೆ ಗ್ಯಾಸಿನ ಒತ್ತಡ ಸೇರಿತ್ತು. ಪಾರದರ್ಶಕ ಪ್ಲಾಸ್ಟಿಕ್ ಲೋಟದಲ್ಲಿ ಹೊಂಬಣ್ಣದ ಪಾನಕ ತುಂಬಿತು. ಅದರ ಮೇಲೆ ಬೆರಳಗಲದ ಬಿಳಿ ನೊರೆ ನಿಂತಿತು.

ಪ್ರಭಂಜನ ಜೀವಮಾನದಲ್ಲಿ ಬಗ್ಗಿಸಿದ ಅತ್ಯಂತ ಸುಂದರವಾದ ಬಿಯರ್ ಅದಾಗಿತ್ತು, ಅದರಲ್ಲಿ ಬಿಯರ್ ಇರಲಿಲ್ಲ ಎನ್ನುವುದೊಂದನ್ನು ಬಿಟ್ಟರೆ. ನೋಡನೋಡುತ್ತಿದ್ದಂತೆ ಪಂಚೆಯುಟ್ಟ ಹಿರಿಯರು, ರೇಷ್ಮೆಯುಟ್ಟ ಅಜ್ಜಿಯರು, ಎಲ್ಲರ ಕೈಯಲ್ಲೂ ನೊರೆಯುಕ್ಕುವ ಲೋಟಗಳು. ಒಬ್ಬ ಇಂಜಿನಿಯರ್ ತರುಣ ಮೀಸೆಯ ನೊರೆ ಒರೆಸಿಕೊಳ್ಳುತ್ತ ಪ್ರಭಂಜನನನ್ನು ದೀರ್ಘವಾಗಿ ನೋಡಿ, ಎರಡನೇ ಲೋಟಕ್ಕೆ ಮತ್ತೆ ಸಾಲಿನಲ್ಲಿ ಹೋಗಿ ನಿಂತ. ಸುಮೇಧಾ ದೂರದಲ್ಲಿ ಕಂಬಕ್ಕೆ ಒರಗಿ ನಿಂತಿದ್ದಳು.

ಅನುಸೂಯಾ ಆಂಟಿ ಲೋಟವನ್ನು ಎತ್ತಿ ದೀಪದ ಬೆಳಕಿಗೆ ಹಿಡಿದರು.

"ನೊರೆ ನೋಡಿ," ಎಂದರು. "ಬೆಲ್ಲ ಶುದ್ಧವಾಗಿದ್ರೆ ಮಾತ್ರ ಹಿಂಗೆ ಬರೋದು."

ಸಭಾಂಗಣ ಒಪ್ಪಿ ತಲೆಯಾಡಿಸಿತು. ಇಂಥ ತಣ್ಣನೆಯ ಪಾನಕವನ್ನು ಕುಡಿದೇ ಇಲ್ಲವೆಂದು ಒಬ್ಬರಾದ ಮೇಲೊಬ್ಬರು ಹೇಳಿದರು. ಪ್ರಭಂಜನ ಗೆದ್ದಿದ್ದ. ಗೆದ್ದ ಸಂತೋಷದಲ್ಲಿ ಅವನು ಒಂದು ಲೋಟ ಪಾನಕ ಹಿಡಿದು ಕೂತಾಗ ಆಂಟಿಯ ಕೈಗೆ ಮೈಕು ಸಿಕ್ಕಿತು.

"ಎಲ್ಲರಿಗೂ ಒಂದು ಸಂತೋಷದ ಸುದ್ದಿ. ಚಿರಂಜೀವಿ ಪ್ರಭಂಜನ ಈ ಶರಬತ್ತಿನ ಮೆಷಿನ್ನನ್ನ ಶಾಶ್ವತವಾಗಿ ದೇವಸ್ಥಾನಕ್ಕೇ ಸಮರ್ಪಣೆ ಮಾಡಿದಾನೆ!"

ಚಪ್ಪಾಳೆ ಮಳೆ ಸುರಿದ ಹಾಗಿತ್ತು. ಪ್ರಭಂಜನ ಎದ್ದು ನಿಂತು ಏನೋ ಹೇಳಲು ಬಾಯಿ ತೆರೆದ. ಅರ್ಚಕರು ಅದರೊಳಗೆ ಸಕ್ಕರೆ ಪೊಂಗಲ್ ಇಟ್ಟು, ಹೆಗಲಿಗೆ ಶಾಲು ಹೊದಿಸಿದರು.

ಶಾಲಿನಲ್ಲೇ ಅವನು ಅಡುಗೆಮನೆಯ ಕಡೆ ಓಡಿದ. ಅಧ್ಯಕ್ಷ ನಂಜುಂಡಸ್ವಾಮಿಯವರು ಬಾಗಿಲ ಬಳಿ ಒಬ್ಬರೇ ನಿಂತಿದ್ದರು. ಮಾತು ಕಡಿಮೆ, ಮುಖದಲ್ಲಿ ನಗು ಇನ್ನೂ ಕಡಿಮೆ. ಮೆಷಿನ್ ಉಳಿಸಿಕೊಳ್ಳಲು ಇನ್ನು ಸತ್ಯವೊಂದೇ ದಾರಿ ಎಂದು ಪ್ರಭಂಜನನಿಗೆ ತೋರಿತು.

"ಅಂಕಲ್, ನನ್ನನ್ನ ಕ್ಷಮಿಸ್ಬೇಕು. ಅದು ಶರಬತ್ತಿನ ಮೆಷಿನ್ ಅಲ್ಲ. ಅದರಲ್ಲಿ ನಾನು... ಬಿಯರ್ ಮಾಡಿ ಇಡ್ತಿದ್ದೆ. ದೇವಸ್ಥಾನದಲ್ಲಿ ಅಂಥದ್ದು ಇರಬಾರದು. ನಾನು ವಾಪಸ್ ತಗೊಂಡು ಹೋಗ್ತೀನಿ."

ನಂಜುಂಡಸ್ವಾಮಿ ಅವನ ಭುಜ ಹಿಡಿದು ಅಡುಗೆಮನೆಯ ಒಳಗೆ ತಿರುಗಿಸಿದರು. ಒಲೆಯ ಮೇಲೆ ಭಾರೀ ಸ್ಟೀಲ್ ಪಾತ್ರೆಯಲ್ಲಿ ಬಿಸಿಬೇಳೆ ಬಾತ್ ಮುಗಿಯುತ್ತ ಬಂದಿತ್ತು. ಪಾತ್ರೆಯ ತಳದಲ್ಲಿ ಒಂದು ಪುಟ್ಟ ನಲ್ಲಿಯಿತ್ತು.

"ಬಿಸಿಬೇಳೆ ಬಾತಿನ ಪಾತ್ರೆಗೆ ನಲ್ಲಿ ಯಾಕೆ ಅಂತ ಯಾವತ್ತಾದ್ರೂ ಯೋಚನೆ ಮಾಡಿದೀಯಾ?"

ಪ್ರಭಂಜನ ಪಾತ್ರೆಯನ್ನು ನೋಡಿದ. ಅವರ ಮುಖವನ್ನು ನೋಡಿದ. ಬಿಯರ್ ಕುದಿಸುವ ಪಾತ್ರೆ ಹೇಗಿರುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟೀಲಿದ್ವಿ ಆಗ," ಎಂದರು ನಂಜುಂಡಸ್ವಾಮಿ ದನಿ ತಗ್ಗಿಸಿ. "ಇಷ್ಟು ದೊಡ್ಡ ಪಾತ್ರೆ ಯಾತಕ್ಕೆ ಅಂತ ಅನುಸೂಯಾ ಕೇಳಿದ್ಲು. ನೂರು ಜನಕ್ಕೆ ಅಡುಗೆ ಮಾಡಬಹುದು ಅಂದೆ. ಇಲ್ಲಿ ದೇವಸ್ಥಾನ ಶುರುವಾದಾಗ ನನ್ನನ್ನ ಕೇಳದೇ ಕೊಟ್ಬಿಟ್ಲು. ನನಗೂ ಒಂದು ಶಾಲು ಹೊದಿಸಿದ್ರು."

"ಆಂಟಿಗೆ ಗೊತ್ತಾ?"

"ಗೊತ್ತಾದ್ರೆ ನಾನು ಅಧ್ಯಕ್ಷ ಆಗಿರ್ತಿದ್ನಾ?" ಅವರು ನಿಟ್ಟುಸಿರಿಟ್ಟು ಜುಬ್ಬದ ತೋಳು ಮಡಿಸಿದರು. "ಕೊಟ್ಟಿದ್ದು ಕೊಟ್ಟಾಯ್ತು. ಆದ್ರೆ ತೊಳೆಯೋದನ್ನ ಮಾತ್ರ ಬೇರೆಯೋರ ಕೈಗೆ ಬಿಡಬೇಡ. ನಾನು ಬಿಟ್ಟಿಲ್ಲ. ಹಬ್ಬಕ್ಕೊಂದು ಸಲ ಮುಟ್ಟೋಕಾದ್ರೂ ಸಿಗುತ್ತೆ."

ಊಟ ಮುಗಿಸಿ ಅನುಸೂಯಾ ಆಂಟಿ ಸುಮೇಧಾಳನ್ನು ಕರೆದುಕೊಂಡು ಅಡುಗೆಮನೆಗೆ ಬಂದಾಗ, ಅಲ್ಲಿ ಇಬ್ಬರು ಗಂಡಸರು ಅಕ್ಕಪಕ್ಕ ನಿಂತಿದ್ದರು. ಒಬ್ಬರು ಪಾತ್ರೆಯೊಳಗೆ ತೋಳು ಇಳಿಸಿ ನಿಧಾನವಾಗಿ ಉಜ್ಜುತ್ತಿದ್ದರು. ಇನ್ನೊಬ್ಬ ಶಾಲನ್ನು ಸೊಂಟಕ್ಕೆ ಕಟ್ಟಿಕೊಂಡು, ನಳಿಗೆಯೊಂದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಇಬ್ಬರ ಕಣ್ಣೂ ಒದ್ದೆಯಾಗಿತ್ತು.

"ನೋಡು ಸುಮೇಧಾ," ಎಂದರು ಆಂಟಿ ಪಿಸುದನಿಯಲ್ಲಿ, ಕೈ ಮುಗಿದು. "ಭಕ್ತಿ ಅಂದ್ರೆ ಇದು."