ಭರಮಸಾಗರದ ಮೇಲೆ ದಂಡಯಾತ್ರೆ

ತುಮಕೂರಿನ ಬಸ್ಸು ಹಿರಿಯೂರು ದಾಟಿ ಚಿತ್ರದುರ್ಗದ ಸ್ಟ್ಯಾಂಡಿಗೆ ಬಂದು ನಿಂತಾಗಲೆಲ್ಲ ನನ್ನ ಸಂಸಾರದ ಹಣೆಬರಹ ಅಲ್ಲಿ ತೀರ್ಮಾನವಾಗುತ್ತದೆ. ಅಲ್ಲಿಂದ ಒಂದು ಬಸ್ಸು ನಮ್ಮ ಹೊಳಲ್ಕೆರೆಗೆ ಬರುತ್ತದೆ, ಇನ್ನೊಂದು ಭರಮಸಾಗರಕ್ಕೆ ಹೋಗುತ್ತದೆ. ತುಮಕೂರಿನ ಹಾಸ್ಟೆಲಿನಲ್ಲಿದ್ದು ಓದುವ ನನ್ನ ಒಬ್ಬಳೇ ಮಗಳು ಸುಷ್ಮಿತಾ ರಜೆ ಬಂತೆಂದರೆ ಎರಡನೆಯದನ್ನು ಹತ್ತುತ್ತಾಳೆ. ರಜೆ ಮುಗಿಯುವ ಹೊತ್ತಿಗೆ ನಮ್ಮ ಮನೆಗೂ ದಯಮಾಡಿಸುತ್ತಾಳೆ, ಕೊಳೆಬಟ್ಟೆಯ ಬ್ಯಾಗಿನ ಸಮೇತ.

ಭರಮಸಾಗರದಲ್ಲಿ ಅಂಥದ್ದೇನಿದೆ ಎಂದು ನೀವು ಕೇಳಬಹುದು. ದೊಡ್ಡ ಕೆರೆ ಇದೆ, ಅದರಿಂದ ನನಗೆ ತೊಂದರೆಯಿಲ್ಲ. ತೊಂದರೆ ಇರುವುದು ನನ್ನ ಭಾಮೈದ ನಾಗರಾಜಪ್ಪನಿಂದ. ಅವನದು ದಿನಸಿ ಅಂಗಡಿ. ಅಂಗಡಿಯ ಹಿಂದೆ ಮನೆ, ಮನೆಯೊಳಗೆ ಅವನ ಮಗನ ಗೇಮ್ ಆಡುವ ಕಂಪ್ಯೂಟರು. ಅದರ ಹೊಟ್ಟೆ ಗಾಜಿನದು. ಒಳಗೆ ಕೆಂಪು, ನೀಲಿ ದೀಪಗಳು ಮದುವೆ ಚಪ್ಪರದಂತೆ ಮಿನುಗುತ್ತಿರುತ್ತವೆ. ಅದರ ಮುಂದೆ ನಿಂತು ಹಲ್ಲುಬಿಟ್ಟ ಮಗಳ ಫೋಟೋ ನನ್ನ ಮೊಬೈಲಿಗೆ ಬಂದ ದಿನ ನನಗೆ ಅನ್ನ ಸೇರಲಿಲ್ಲ.

"ಆ ಡಬ್ಬಿ ಆಸೆಗೆ ಹೆತ್ತ ಅಪ್ಪನ್ನ ಮರೀತಾಳಲ್ಲ," ಎಂದೆ ಹೆಂಡತಿ ದಾಕ್ಷಾಯಣಿಗೆ.

"ಡಬ್ಬಿ ಆಸೆಗೇ ಹೋಗ್ತಾಳೆ ಅಂತ ನಿಮಗ್ಯಾರು ಹೇಳಿದ್ರು?"

"ಮತ್ತೆ? ನಿನ್ ತಮ್ಮನ ಮುಖ ನೋಡಾಕೆ ಹೋಗ್ತಾಳಾ?"

"ನನ್ ತಮ್ಮನ ಮುಖಕ್ಕೆ ಏನಾಗೈತೆ?"

ಮಾತು ಆಮೇಲೆ ಅವಳ ತವರಿನ ಕಡೆ ತಿರುಗಿ, ನಮ್ಮ ಮದುವೆಯಲ್ಲಿ ಬಡಿಸಿದ ಬೂಂದಿಯವರೆಗೆ ಹೋಗಿ ನಿಂತಿತು. (ಬೂಂದಿ ಗಟ್ಟಿಯಿತ್ತು. ಈಗಲೂ ಹೇಳುತ್ತೇನೆ, ಮೆಲ್ಲಗೆ.)

ನಾನು ಒಂದು ಸಹಕಾರ ಸಂಘದಲ್ಲಿ ಗುಮಾಸ್ತ. ನಮ್ಮ ಆಫೀಸಿಗೆ ಹೊಸ ಕಂಪ್ಯೂಟರುಗಳು ಬಂದ ಮೇಲೆ ಹಳೆಯದೊಂದು ಪಡಸಾಲೆಯಲ್ಲಿ ನೀರಿನ ಕ್ಯಾನಿಗೆ ಸ್ಟ್ಯಾಂಡ್ ಆಗಿ ಸೇವೆ ಸಲ್ಲಿಸುತ್ತಿತ್ತು. ಅದನ್ನು ಹರಾಜು ಹಾಕಿದರು. ನಾನೊಬ್ಬನೇ ಕೂಗಿದೆ, ಭಾರೀ ಪೈಪೋಟಿಯಲ್ಲಿ ನಾನೇ ಗೆದ್ದೆ. ಸ್ಕೂಟರಿನ ಮುಂದೆ ಇಟ್ಟುಕೊಂಡು ಮನೆಗೆ ತಂದಾಗ ದಾಕ್ಷಾಯಣಿ ಬಾಗಿಲಲ್ಲೇ ತಡೆದಳು.

"ನೀರಿನ ಕ್ಯಾನ್ ಎಲ್ಲಿ?"

"ಇದು ಸ್ಟ್ಯಾಂಡ್ ಅಲ್ಲ ಕಣೇ. ಇದನ್ನ ಗೇಮ್ ಆಡೋ ಮಷೀನ್ ಮಾಡಿ, ದಸರಾಕ್ಕೆ ಮಗಳನ್ನ ಮನೇಲೇ ಉಳಿಸ್ಕಂತೀನಿ."

ಅವಳು ನನ್ನನ್ನೂ ಪೆಟ್ಟಿಗೆಯನ್ನೂ ಒಂದೊಂದು ಸಲ ನೋಡಿ, "ಎರಡೂ ಹೊರಗಿರ್ಲಿ. ಕಸ ಹೊಡೀಬೇಕು," ಎಂದು ಒಳಗೆ ಹೋದಳು.

ಮಗಳಿಗೆ ವಿಡಿಯೋ ಕಾಲ್ ಮಾಡಿದೆ. ಅವಳು ಹೇಳಿದಂತೆ ಪಕ್ಕದ ಮುಚ್ಚಳ ತೆಗೆದೆ.

"ಅಪ್ಪಾಜಿ, ಒಳಗೆ ಬೆಳ್ಳಗೆ ಮೆತ್ಕಂಡೈತಲ್ಲ, ಏನದು?"

"ವಿಭೂತಿ."

"ಆ ಹಳದೀದು?"

"ಚೆಂಡುಹೂವಿನ ಎಸಳು ಕಣಮ್ಮ."

"ಅಕ್ಕೀನೂ ಐತೆ."

"ಅದು ಅಕ್ಷತೆ."

ನಮ್ಮ ಸಂಘದಲ್ಲಿ ಆಯುಧಪೂಜೆಯ ಜವಾಬ್ದಾರಿ ಮೊದಲಿಂದಲೂ ನನ್ನದೇ. ಕಂಪ್ಯೂಟರನ್ನು ಚಾಲೂ ಮಾಡಿ, ಮೂರು ಗೆರೆ ವಿಭೂತಿ ಎಳೆದು, ಅಕ್ಷತೆ ಹಾಕಿ, ಧೂಪವನ್ನು ಅದರ ಮೂತಿಗೇ ಹಿಡಿಯುತ್ತಿದ್ದೆ. ಒಳಗಿದ್ದ ಫ್ಯಾನು ಅಷ್ಟನ್ನೂ ಭಕ್ತಿಯಿಂದ ಎಳೆದುಕೊಂಡಿತ್ತು. (ಕಂಪ್ಯೂಟರ್ ನಿಧಾನ ಎಂದು ರೈತರನ್ನು ಎಷ್ಟು ಸಲ ನಾಳೆ ಬರ್ರಿ ಅಂದಿದ್ದೇವೋ, ಆ ಶಿವನಿಗೇ ಗೊತ್ತು.)

ಪೇಂಟ್ ಬ್ರಷ್ಷಿನಿಂದ ಕೊಡವಿದೆ. ಗರ್ಭಗುಡಿ ತೊಳೆದಷ್ಟು ಬೂದಿ ಬಂತು. ಆಮೇಲೆ ಚಿತ್ರದುರ್ಗದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಮಂಜುನಾಥನ ಹತ್ತಿರ ಓಡಾಟ ಶುರುವಾಯಿತು. ಗೇಮಿನ ಚಿತ್ರ ಸರಾಗವಾಗಿ ಮೂಡಬೇಕಾದರೆ ಗ್ರಾಫಿಕ್ಸ್ ಕಾರ್ಡ್ ಎಂಬುದು ಬೇಕಂತೆ. ಮಗಳ ಮಾತು ಪೂರ್ತಿ ಕೇಳಿಸಿಕೊಳ್ಳದೆ ನಾನು ದೊಡ್ಡದನ್ನೇ ತಂದೆ. ಆಫೀಸಿನ ಪೆಟ್ಟಿಗೆ ತೆಳ್ಳನೆಯದು, ಮುಚ್ಚಳ ಹಾಕಿದರೆ ಕಾರ್ಡಿನ ತಲೆ ಹೊರಗೆ ಇಣುಕಿತು. ವಾಪಸ್ ಕೊಟ್ಟು ಗಿಡ್ಡನೆಯ, ಕಡಿಮೆ ಕರೆಂಟಿನಲ್ಲಿ ಬದುಕುವ ಕಾರ್ಡು ತಂದೆ. ರ‍್ಯಾಮ್ ಹೆಚ್ಚಿಸಿದೆ. ಹಳೇ ಹಾರ್ಡ್ ಡಿಸ್ಕ್ ಕಿತ್ತು ಹೊಸ ಥರದ್ದು ಹಾಕಿಸಿದೆ. ಪರದೆಗೆ ನಡುಮನೆಯ ಟಿವಿಯನ್ನೇ ಎತ್ತಿಕೊಂಡು ಹೋಗಿ ಮಗಳ ಕೋಣೆಯಲ್ಲಿಟ್ಟೆ. ದಾಕ್ಷಾಯಣಿ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಆ ಹದಿನೈದು ದಿನ ಮಗಳು ಸಂಜೆ ಸಂಜೆ ಫೋನಿನಲ್ಲಿ ಸಿಕ್ಕಿ, ನಗುತ್ತ, ಬೈಯುತ್ತ, ಕಾಲೇಜಿನ ಸುದ್ದಿಯನ್ನೂ ಹೇಳುತ್ತ ಇದ್ದಳು. ನಾನು ಅದನ್ನೆಲ್ಲ ಅಷ್ಟಾಗಿ ಗಮನಿಸಲಿಲ್ಲ. ಸ್ಕ್ರೂ ಹುಡುಕುತ್ತಿದ್ದೆ.

ದಸರಾ ರಜೆಗೆ ಸುಷ್ಮಿತಾ ಚಿತ್ರದುರ್ಗದಲ್ಲಿ ಹೊಳಲ್ಕೆರೆ ಬಸ್ಸನ್ನೇ ಹತ್ತಿದಳು. ಮಷೀನು ಚಾಲೂ ಆಯಿತು. ಪರದೆಯ ಮೇಲೆ ಕಾರುಗಳು ಓಡಿದವು, ನನ್ನ ಎದೆ ಉಬ್ಬಿತು. ಭರಮಸಾಗರ ಸೋತಿತು ಎಂದುಕೊಂಡೆ. ಅವಳು ಕಿವಿಗೆ ಹೆಡ್‌ಫೋನ್ ಏರಿಸಿ ಕೂತಳು. ಕೂತವಳು ಏಳಲಿಲ್ಲ.

"ಸುಷ್ಮಿ, ಕಾಫಿ."

"ಒಂದ್ ನಿಮಿಷ ಅಪ್ಪಾಜಿ."

"ಸುಷ್ಮಿ, ಚಂದ್ರವಳ್ಳಿ ಕಡೆ ಹೋಗಾಣ ಏನಮ್ಮ?"

"ಒಂದ್ ನಿಮಿಷ ಅಪ್ಪಾಜಿ."

ಮಗಳು ಮನೆಯಲ್ಲಿದ್ದಳು, ನಿಜ. ಆದರೆ ಭರಮಸಾಗರದಲ್ಲಿದ್ದಾಗ ದಿನಕ್ಕೊಂದು ಸಲವಾದರೂ ಫೋನ್ ಮಾಡುತ್ತಿದ್ದಳು. ಈಗ ಗೋಡೆಯ ಆಚೆ ಇದ್ದವಳಿಗೆ ಫೋನ್ ಮಾಡುವ ಅಗತ್ಯವೂ ಇರಲಿಲ್ಲ. ನಾನು ಕೋಣೆಯ ಬಾಗಿಲಲ್ಲಿ ನಿಂತು ಅವಳ ಜಡೆಯನ್ನು ನೋಡಿ ವಾಪಸ್ ಬರುತ್ತಿದ್ದೆ. ಕೈಯಾರೆ ಮಾಡಿದ ಮಷೀನು, ಯಾರನ್ನು ಬೈಯಲಿ?

ಆಗ ಆಯುಧಪೂಜೆ ಬಂತು. ಪೂಜೆಗಿಟ್ಟ ಆಯುಧವನ್ನು ಮರುದಿನ ವಿಜಯದಶಮಿಯ ಮಂಗಳಾರತಿ ಆಗುವ ತನಕ ಮುಟ್ಟಬಾರದು ಎಂಬುದು ನಮ್ಮ ಮನೆತನದ ಪದ್ಧತಿ. ನನ್ನ ತಂದೆ ಆ ದಿನ ಕುಡುಗೋಲು ಮುಟ್ಟುತ್ತಿರಲಿಲ್ಲ. ಬೆಳಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಕಂಪ್ಯೂಟರನ್ನು ಎತ್ತಿಕೊಂಡು ಹೋಗಿ ದೇವರ ಮುಂದೆ ಇಟ್ಟುಬಿಟ್ಟೆ.

"ನಾಳೆ ತನಕ ಯಾರೂ ಮುಟ್ಟಂಗಿಲ್ಲ," ಎಂದು ಘೋಷಿಸಿದೆ.

ಮಗಳು ಜಗಳವಾಡಲಿಲ್ಲ. "ಸರಿ ಅಪ್ಪಾಜಿ. ಆಯುಧ ಅಂದ್ರೆ ಎಲ್ಲಾ ಆಯುಧ ತಾನೇ?" ಎಂದು ತನ್ನ ಫೋನ್ ತಂದು ಪಕ್ಕದಲ್ಲಿಟ್ಟಳು. ಆಮೇಲೆ ನನ್ನ ಅಂಗಿ ಜೇಬಿಗೆ ಕೈಹಾಕಿ ನನ್ನ ಫೋನನ್ನೂ ಇಟ್ಟಳು. ದಾಕ್ಷಾಯಣಿಗೂ ಭಕ್ತಿ ಉಕ್ಕಿತು. ಹೋಳಿಗೆ ಮಾಡಿಟ್ಟಿದ್ದೇ ತಡ, ಮಿಕ್ಸಿ, ಈಳಿಗೆಮಣೆ, ಸೌಟು, ಕೊನೆಗೆ ಗ್ಯಾಸಿನ ಒಲೆಯನ್ನೂ ಬಿಚ್ಚಿ ತಂದಿಟ್ಟಳು.

"ರಾತ್ರಿ ಊಟಕ್ಕೆ?"

"ಮಂಡಕ್ಕಿ ಐತೆ. ನನ್ನ ಆಯುಧಕ್ಕೂ ರಜೆ ಬೇಡೇನ್ರೀ?"

ಎಲ್ಲಕ್ಕೂ ಮೂರು ಗೆರೆ ವಿಭೂತಿ ಎಳೆದೆ. ಕುಂಕುಮವನ್ನು ನೀರಲ್ಲಿ ಕಲಸಿ ಬೊಟ್ಟಿಟ್ಟವಳು ದಾಕ್ಷಾಯಣಿ. ನನ್ನ ಫೋನಿನ ಗಾಜಿನ ಮೇಲೆ ಎಂಟಾಣೆ ಅಗಲದ್ದನ್ನೇ ಇಟ್ಟಳು.

ಮಧ್ಯಾಹ್ನದ ಊಟ ಮುಗಿಸಿ ಮೂವರೂ ನಡುಮನೆಯಲ್ಲಿ ಕೂತೆವು. ಟಿವಿ ಇರಲಿಲ್ಲ, ಫೋನಿರಲಿಲ್ಲ, ಮಗಳು ನನ್ನ ಎದುರಿಗೇ ಇದ್ದಳು. ಬೇಡಿದ್ದೆಲ್ಲ ಕೈಗೂಡಿದ ಘಳಿಗೆ ಅದು. ಗಂಟಲು ಸರಿಮಾಡಿಕೊಂಡೆ.

"ಊಟ ಆಯ್ತಾ?"

"ನಿಮ್ ಪಕ್ಕದಾಗೇ ಕುಂತು ಉಂಡೆನಲ್ಲ ಅಪ್ಪಾಜಿ."

"ಹೂಂ. ಅಲ್ಲಿ ಮಳೆ ಐತಾ?"

"ಎಲ್ಲಿ?"

"ದುಡ್ಡು ಐತಾ?"

"ಐತೆ."

ಅಲ್ಲಿಗೆ ನನ್ನ ಸರಕು ಮುಗಿಯಿತು. ಫೋನಿನಲ್ಲಿ ಇಷ್ಟು ಕೇಳಿ "ಸರಿ, ಇಡ್ಲಾ?" ಎನ್ನುವುದು ರೂಢಿ. ಎದುರಿಗೆ ಕೂತವಳನ್ನು ಎಲ್ಲಿಡುವುದು? ಕೈ ತಾನಾಗಿ ಜೇಬಿಗೆ ಹೋಗಿ ಬರುತ್ತಿತ್ತು. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು, ಇನ್ನೇನೋ ಕೇಳುತ್ತಾರೆ ಎಂಬಂತೆ. ನನಗೆ ಒಂದೇ ಆಸೆ ಹುಟ್ಟಿತು: ಮಗಳು ನನ್ನೆದುರಿಗೆ ಕೂತಿದ್ದಾಳೆಂದು ನಾಗರಾಜಪ್ಪನಿಗೆ ತಿಳಿಸಬೇಕು.

ದೀಪಕ್ಕೆ ಎಣ್ಣೆ ಹಾಕುತ್ತೇನೆಂದು ಎದ್ದೆ. ಹಾಕಿದೆ ಕೂಡ. ಪೂಜೆಗಿಟ್ಟ ನನ್ನ ಫೋನನ್ನು ಪಂಚೆಯ ಮಡಿಕೆಗೆ ಸಿಕ್ಕಿಸಿಕೊಂಡು ಹಿತ್ತಲಿಗೆ ಹೋಗಿ ಬಚ್ಚಲ ಮನೆಯ ಹಿಂದೆ ನಿಂತೆ.

"ಏನಪ್ಪಾ ನಾಗರಾಜಪ್ಪ, ಸುಷ್ಮಿ ಈ ಸಲ ಇಲ್ಲೇ ಅವಳೆ. ಭಾರೀ ಮಾತಾಡ್ತಾ ಕುಂತವಳೆ. ನಿಮ್ ಮಷೀನ್ ನೆನಪೇ ಇಲ್ಲ ಅವಳಿಗೆ."

"ಯಾವ ಮಷೀನು ಭಾವ?"

"ನಿನ್ ಮಗಂದು. ದೀಪ ಉರೀತವಲ್ಲ."

"ಅಯ್ಯೋ, ಅದನ್ನ ಅವಳು ಮುಟ್ಟೋದೇ ಇಲ್ಲ. ಇಲ್ಲಿಗೆ ಬಂದ್ರೆ ಅಂಗಡೀಲಿ ಸಕ್ಕರೆ ಕಟ್ತಾ ಮಾತಾಡೋದೇ ಮಾತಾಡೋದು. ನಮ್ಮನೆಯೋರೂ ಅಷ್ಟೆ, ಅಂಗಡಿಗೆ ಬರೋರೂ ಅಷ್ಟೆ, ಅದು ಇದು ಕೇಳಿ ಅವಳ ಬಾಯಿ ಮುಚ್ಚಾಕೆ ಬಿಡಲ್ಲ. ಮೊನ್ನೆ ಫೋನ್ ಮಾಡಿದ್ಲು. ಗೇಮ್ ಆಡಿ ಆಡಿ ಕಣ್ಣು ಉರೀತವಂತೆ. ಅಪ್ಪಾಜಿ ಅಷ್ಟು ಕಷ್ಟಪಟ್ಟು ಮಾಡವ್ರೆ ಮಾವ, ಆಡ್ಲಿಲ್ಲ ಅಂದ್ರೆ ಬೇಜಾರ್ ಮಾಡ್ಕಂತಾರೆ ಅಂದ್ಲು."

ಫೋನನ್ನು ಹೇಗೆ ಇಟ್ಟೆನೋ ನೆನಪಿಲ್ಲ.

ಒಳಗೆ ಬಂದಾಗ ತಾಯಿ ಮಗಳು ನನ್ನ ಮುಖ ನೋಡಿ ಮಾತು ನಿಲ್ಲಿಸಿದರು.

"ಅಪ್ಪಾಜಿ, ಕಿವಿಗ್ಯಾಕೆ ಕುಂಕುಮ?"

"ಆಯುಧಪೂಜೆ ಅಲ್ವೇನೇ," ಎಂದಳು ದಾಕ್ಷಾಯಣಿ. "ಕಿವಿಗೂ ಪೂಜೆ ಮಾಡ್ಕಂಡವ್ರೆ. ಯಾವತ್ತೂ ಬಳಸ್ದೇ ಇರೋ ಆಯುಧ ಅದು."

ಸುಷ್ಮಿತಾ ಎದ್ದು ಬಂದು ವೇಲಿನ ತುದಿಯಿಂದ ನನ್ನ ಕಿವಿ, ಕೆನ್ನೆ ಒರೆಸಿದಳು. ನಾನು ಕೂತೆ. "ಅಂಗಡೀಲಿ ಸಕ್ಕರೆ ಹೆಂಗೆ ಕಟ್ತೀಯ?" ಎಂದು ಕೇಳಿದೆ. ಅವಳು ಹೇಳತೊಡಗಿದಳು. ಮಂಡಕ್ಕಿ ಖಾಲಿಯಾದರೂ ಅವಳ ಮಾತು ಮುಗಿಯಲಿಲ್ಲ. ಅಷ್ಟು ನಗುವ ಹುಡುಗಿ ನನ್ನ ಮಗಳೆಂದು ನನಗೆ ಗೊತ್ತಿರಲಿಲ್ಲ.

ಕತೆ ಇಲ್ಲಿಗೆ ಮುಗಿದಿದ್ದರೆ ನನ್ನ ಮಾನ ಉಳಿಯುತ್ತಿತ್ತು. ವಿಜಯದಶಮಿಯ ಬೆಳಗ್ಗೆ ಮೂವರೂ ಭರಮಸಾಗರಕ್ಕೆ ಹೋಗುವುದೆಂದು ತೀರ್ಮಾನವಾಯಿತು. ಮಂಗಳಾರತಿ ಮಾಡಿ, ವಿಭೂತಿ ಮತ್ತೆ ಒಳಗೆ ಹೋಗಿದೆಯೋ ಏನೋ ನೋಡೋಣವೆಂದು ಕಂಪ್ಯೂಟರನ್ನು ಕೋಣೆಗೆ ಒಯ್ದು ಚಾಲೂ ಮಾಡಿದೆ. ಚೆನ್ನಾಗಿಯೇ ಇತ್ತು. ಕಾರು ತಿರುಗುತ್ತದೋ ನೋಡಿದೆ. ತಿರುಗಿತು. ಮುಂದೊಂದು ಕೆಂಪು ಕಾರು ಹೋಗುತ್ತಿತ್ತು, ಅದನ್ನೊಂದು ಹಿಂದೆ ಹಾಕಿಬಿಡೋಣ ಅನಿಸಿತು.

"ರೀ, ಬರ್ರಿ, ಬಸ್ಸಿಗೆ ಹೊತ್ತಾಯ್ತು."

"ಒಂದ್ ನಿಮಿಷ."

"ಅಪ್ಪಾಜಿ, ಬರ್ರಿ."

"ಒಂದ್ ನಿಮಿಷ ಕಣಮ್ಮ."

ಕೆಂಪು ಕಾರನ್ನು ದಾಟಿ ತಲೆಯೆತ್ತಿದಾಗ ಮನೆ ನಿಶ್ಶಬ್ದವಾಗಿತ್ತು. ಹೊರಬಾಗಿಲು ಎಳೆದುಕೊಂಡು ಹೋಗಿದ್ದರು. ಗ್ಯಾಸಿನ ಒಲೆ ಇನ್ನೂ ದೇವರ ಮುಂದೆಯೇ ಇತ್ತು.

ಮಧ್ಯಾಹ್ನ ಫೋನ್ ಬಂತು. ಹಿಂದೆ ಅಂಗಡಿಯ ಗದ್ದಲ, ನಾಗರಾಜಪ್ಪನ ನಗು, ದಾಕ್ಷಾಯಣಿಯ ನಗು.

"ಅಪ್ಪಾಜಿ, ಊಟ ಆಯ್ತಾ?"

"ಇಲ್ಲಮ್ಮ."

"ಅಲ್ಲಿ ಮಳೆ ಐತಾ?"

"ಇಲ್ಲ."

"ದುಡ್ಡು ಐತಾ?"

"ಐತೆ."

"ಸರಿ, ಇಡ್ಲಾ?" ಎಂದಳು ಮಗಳು.